ಬೇಡಿಕೆ ಇಲ್ಲದ ರಸ್ತಾ ರೋಕೋ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಬಸರಗಟ್ಟಿ ಸೇತುವೆಯ ಪಕ್ಕದ ಎಸ್‌ಟಿಡಿ ಬೂತಿಗೆ ಫೋನು ಬಂತು. ಏಳು ಕಿಲೋಮೀಟರು ಮೇಲೆ, ನಲವತ್ತು ಟನ್ನು ಉಸುಕು ಹೇರಿದ್ದ ಹಡಗಿನ ಎಂಜಿನ್ನು ನಡುಹೊಳೆಯಲ್ಲಿ ಬಂದ್ ಬಿದ್ದಿತ್ತು. ಹಗ್ಗ ಹರಿದಿತ್ತು. ಹಡಗು ನೀರಿನ ಜೊತೆ ಸೇತುವೆಯ ಕಡೆಗೆ ಹೊರಟಿತ್ತು.

"ಯಾವಾಗ ಬಿಡ್ತು?" ಎಂದು ಬೂತು ನಡೆಸುವ ಅನ್ನಪೂರ್ಣಾ ಕೇಳಿದಳು.

"ಹತ್ತ ಹೊಡದ ಐದ ಮಿನೀಟ ಆಗಿತ್ರಿ ಅಕ್ಕಾರ. ನಾ ಈಸಿ ಬಂದೇನಿ. ಪಂಚಾಯ್ತಿ ಫೋನ್‌ಲಿಂದ ಮಾತಾಡಾಕತ್ತೇನಿ. ಬ್ರಿಜ್ ಮ್ಯಾಲ ಗಾಡಿ ಬಿಡಬ್ಯಾಡ್ರಿ. ಯಾರನ್ನೂ ಬಿಡಬ್ಯಾಡ್ರಿ."

ಮಾತಾಡುತ್ತಿದ್ದವನು ಸುಭಾಸ, ಆ ಹಡಗಿನ ಎಂಜಿನ್ನು ನೋಡಿಕೊಳ್ಳುವವನು. ಪ್ರತಿ ಭಾನುವಾರ ಬೂತಿಗೆ ಬಂದು ಎಂ.ಕೆ. ಹುಬ್ಬಳ್ಳಿಯಲ್ಲಿದ್ದ ತಾಯಿಗೆ ಫೋನು ಮಾಡಿ, ತಾನು ಮಾಡದ ಊಟದ ವರ್ಣನೆಯನ್ನು ಮೂರು ನಿಮಿಷ ಹೇಳುತ್ತಿದ್ದ. ಅವನ ಮಾತಿಗೆ ಊರಲ್ಲಿ ಹೆಚ್ಚು ಬೆಲೆ ಇರಲಿಲ್ಲ. ಹಿಂದಿನ ತಿಂಗಳು ಇದೇ ನಂಬರಿಗೆ ಫೋನು ಮಾಡಿ, ಹೊಳೆಯಲ್ಲಿ ಮೊಸಳೆ ಬಂದಿದೆ ಎಂದು ಹೇಳಿ, ಬಟ್ಟೆ ಒಗೆಯಲು ಇಳಿದಿದ್ದ ಹನ್ನೊಂದು ಹೆಂಗಸರನ್ನು ದಂಡೆಗೆ ಓಡಿಸಿದ್ದ. ಆದರೆ ಇವತ್ತು ಅವನು ನಗಲಿಲ್ಲ. ಎರಡು ಮಾತಿನ ನಡುವೆ ರಿಸೀವರಿನಲ್ಲಿ ಇನ್ನೊಂದು ಸದ್ದು ಕೇಳುತ್ತಿತ್ತು. ಅದು ಚಳಿಗೆ ಅವನ ಹಲ್ಲು ಕಟಕಟಿಸುವ ಸದ್ದು ಎಂದು ಗೊತ್ತಾಗಲು ಅನ್ನಪೂರ್ಣಾಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಈಸಿ ಬಂದವನು ಒದ್ದೆ ಮೈಯಲ್ಲಿ ನಿಂತಿದ್ದ. ಸುಳ್ಳು ಹೇಳುವವನು ಅದಕ್ಕಾಗಿ ತುಂಬಿದ ಹೊಳೆಗೆ ಜಿಗಿಯುವುದಿಲ್ಲ.

"ಎಂಜಿನ್ ಯಾಕ ಹೋತು?"

"ಡೀಸೆಲ್‌ನ್ಯಾಗ ಚಿಮಣಿ ಎಣ್ಣಿ ಕೂಡಿಸಿದ್ವಿರಿ. ದಿನಾ ಕೂಡಸ್ತಿದ್ವಿ. ಇವತ್ತ ಒಂದೀಟ ಹೆಚ್ಚಾತು."

ಅನ್ನಪೂರ್ಣಾ ಫೋನಿಟ್ಟು ಗೋಡೆಯ ಗಡಿಯಾರ ನೋಡಿದಳು. ಹತ್ತು ಇಪ್ಪತ್ತನಾಲ್ಕು.

ಹಡಗು ಎಂಬುದು ಊರವರು ಇಟ್ಟ ಹೆಸರು. ಉಸುಕಿನ ಗುತ್ತಿಗೆದಾರನೊಬ್ಬ ಗೋವಾದ ಕಡೆಯಿಂದ ಹಳೆಯ ಬಾರ್ಜೊಂದನ್ನು ಕೊಂಡು, ತುಂಡು ಮಾಡಿಸಿ, ನಾಲ್ಕು ಲಾರಿಗಳಲ್ಲಿ ತಂದು, ಹೊಳೆದಂಡೆಯಲ್ಲಿ ಮತ್ತೆ ಬೆಸುಗೆ ಹಾಕಿಸಿದ್ದ. ಅರವತ್ತು ಅಡಿ ಉದ್ದ, ಹದಿನೆಂಟು ಅಡಿ ಅಗಲ, ತಳ ಚಪ್ಪಟೆ. ಅದಕ್ಕೆ ಲಾರಿಯ ಎಂಜಿನ್ನು ಕೂರಿಸಿದ್ದರು. ನಡುಗಡ್ಡೆಯಿಂದ ಉಸುಕು ತುಂಬಿಕೊಂಡು ದಂಡೆಗೆ ಬರುವುದು ಅದರ ಕೆಲಸ. ಮೇಲಿನ ಆಣೆಕಟ್ಟಿನಿಂದ ಐದು ದಿನಗಳಿಂದ ನೀರು ಬಿಟ್ಟಿದ್ದರು. ಹೊಳೆ ಏರಿದಾಗ ಕೆಲಸ ನಿಲ್ಲಿಸಬೇಕಿತ್ತು, ನಿಲ್ಲಿಸಿರಲಿಲ್ಲ.

ನಾಲ್ಕು ದಿನದ ಹಿಂದೆ ಮೇಲಿನ ಊರಿನವರು ಗಣಪತಿ ಕಳಿಸಿದಾಗ ಇದೇ ಸುಭಾಸ ಫೋನು ಮಾಡಿ, "ನಮ್ಮ ಗಣಪ್ಪ ಹೊಂಟಾನ್ರಿ, ಅಲ್ಲಿ ಕೈ ಮುಗೀರಿ" ಎಂದಿದ್ದ. ಆಗ ತೇಲಿಬಿಟ್ಟ ಬಾಳೆಕಂದುಗಳು ಸೇತುವೆ ಮುಟ್ಟಲು ಮುಕ್ಕಾಲು ತಾಸು ಹಿಡಿದಿತ್ತು. ಹತ್ತೂ ಐದಕ್ಕೆ ಮುಕ್ಕಾಲು ತಾಸು ಕೂಡಿಸಿದರೆ ಹತ್ತೂ ಐವತ್ತು. ಇಪ್ಪತ್ತಾರು ನಿಮಿಷ ಉಳಿದಿತ್ತು.

ಆಕೆ ಮೊದಲು ಹೊರಠಾಣೆಗೆ ಫೋನು ಹಚ್ಚಿದಳು.

"ಹಡಗಾ?" ಎಂದ ಅತ್ತ ಕಡೆಯ ಪೇದೆ.

"ಹೌದ್ರಿ. ಉಸುಕಿನ ಹಡಗ. ಬ್ರಿಜ್ಜಿಗೆ ಬಡಿಯಾಕ ಬರಾಕತ್ತೈತಿ."

"ಬಡದೈತೇನ?"

"ಇನ್ನಾ ಇಲ್ರಿ."

"ಹಂಗಾರ ಬಡದ ಮ್ಯಾಲ ಫೋನ್ ಮಾಡ್ರಿ. ಬಡೀದ ಹೊರತು ನಾ ಏನಂತ ಬರ್ಕೊಳ್ಳಿ?"

ಎರಡನೆಯ ಫೋನು ರಸ್ತೆ ಇಲಾಖೆಯ ಕಚೇರಿಗೆ. ಸಾಹೇಬರು ಸೈಟಿಗೆ ಹೋಗಿದ್ದರು. ಯಾವ ಸೈಟಿಗೆಂದು ಫೋನೆತ್ತಿದವನಿಗೆ ಗೊತ್ತಿರಲಿಲ್ಲ.

ಹತ್ತು ಇಪ್ಪತ್ತೊಂಬತ್ತಕ್ಕೆ ಅನ್ನಪೂರ್ಣಾ ಬೂತಿನಿಂದ ಹೊರಗೆ ಬಂದಳು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಎರಡೂ ಕಾಲು ಸೊರಗಿದ್ದವು. ಬೂತು ಸಿಕ್ಕದ್ದೂ ಅದೇ ಕೋಟಾದಲ್ಲಿ, ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ಲು ಸಿಕ್ಕದ್ದೂ ಅದರಲ್ಲೇ. ಆಕೆಗೆ ಮೂವತ್ತೊಂದು ವರ್ಷ. ತೋಳುಗಳು ಮಾತ್ರ ಕುಸ್ತಿ ಪೈಲವಾನರಂತಿದ್ದವು. ಹದಿನಾಲ್ಕು ಸಲ ಹ್ಯಾಂಡಲ್ ತಿರುಗಿಸಿದರೆ ಸೇತುವೆಯ ಬಾಯಿ.

ಸೇತುವೆ 1934ರಲ್ಲಿ ಕಟ್ಟಿದ್ದು. ಏಳು ಕಮಾನು, ಆರು ಕಲ್ಲಿನ ಕಂಬ. ಒಂದು ಬಸ್ಸು ಹೋಗುವಾಗ ಎದುರಿನ ಚಕ್ಕಡಿ ಆಚೆ ದಡದಲ್ಲಿ ಕಾಯಬೇಕು, ಅಷ್ಟು ಅಗಲ. ಹೂಲಿಯ ಮೇಲೆ ಬರುವ ರಾಮದುರ್ಗದ ಬಸ್ಸುಗಳೆಲ್ಲ ಅದನ್ನು ದಾಟಿಯೇ ಹೋಗಬೇಕು.

ಮೊದಲು ಬಂದದ್ದು ಒಂದು ಟ್ರ್ಯಾಕ್ಸು. ಅನ್ನಪೂರ್ಣಾ ಎರಡೂ ಕೈ ಎತ್ತಿದಳು. ಚಾಲಕ ನಿಲ್ಲಿಸಿ ಆಕೆ ಹೇಳಿದ್ದನ್ನು ಪೂರ್ತಿ ಕೇಳಿದ, ಹಿಂದೆ ತಿರುಗಿ ಜನರಿಗೂ ಹೇಳಿದ.

"ಮಲಪ್ರಭಾದಾಗ ಹಡಗ ಬಂದೈತಂತ್ರೋ! ಎಲ್ಲಿಗ್ರಿ ಅಕ್ಕಾರ, ಮುಂಬೈಗೇನ?"

ಹನ್ನೆರಡು ಜನ ಒಮ್ಮೆಗೇ ನಕ್ಕರು. ಟ್ರ್ಯಾಕ್ಸು ದಾಟಿಹೋಯಿತು. ಹಿಂದೆಯೇ ಹಾಲಿನ ಕ್ಯಾನು ಕಟ್ಟಿಕೊಂಡ ಮೋಟಾರ್ ಸೈಕಲ್ಲಿನವನು ಬಂದು, "ಬರೂಮುಂದ ನೋಡ್ತೇನ್ರಿ" ಎಂದು ಹೇಳಿ ನಿಲ್ಲದೆ ಹೋದ. ಉಳ್ಳಾಗಡ್ಡಿ ಹೇರಿದ ಲಾರಿಯೊಂದು ಹಾರ್ನು ಬಾರಿಸುತ್ತ ಆಕೆಯನ್ನೇ ಬದಿಗೆ ಸರಿಸಿತು.

ಖರೆ ಮಾತಿಗೆ ಗಾಡಿ ನಿಲ್ಲುವುದಿಲ್ಲ ಎಂಬುದು ನಾಲ್ಕು ನಿಮಿಷದಲ್ಲಿ ಖಚಿತವಾಯಿತು. ಗಾಡಿ ಯಾವುದಕ್ಕೆ ನಿಲ್ಲುತ್ತದೆ ಎಂಬುದು ಆ ಸೀಮೆಯ ಎಲ್ಲರಿಗೂ ಗೊತ್ತಿತ್ತು. ಅನ್ನಪೂರ್ಣಾ ಸೈಕಲ್ಲನ್ನು ತಂಗೆವ್ವನ ಚಹಾದ ಅಂಗಡಿಯ ಕಡೆಗೆ ತಿರುಗಿಸಿದಳು.

ಅಂಗಡಿಯ ಬೆಂಚಿನ ಮೇಲೆ ದುಂಡಪ್ಪ ಕೂತು ಮಿರ್ಚಿ ತಿನ್ನುತ್ತಿದ್ದ. ಅರವತ್ತೆರಡರ ದುಂಡಪ್ಪ ಹದಿನೆಂಟು ವರ್ಷದಲ್ಲಿ ಇಪ್ಪತ್ತಮೂರು ರಸ್ತಾ ರೋಕೋ ಮಾಡಿಸಿದವನು. ಎರಡು ಸಲ ಜೈಲು ಕಂಡಿದ್ದ. ಅವನ ರೈತ ಸಂಘ ಒಡೆದು ಎರಡಾದ ಮೇಲೆ ಎರಡೂ ಕಡೆಯವರು ಅವನನ್ನು ಕರೆದಿರಲಿಲ್ಲ. ಎಂಟು ತಿಂಗಳಿಂದ ಹಸಿರು ಶಾಲನ್ನು ಮಡಿಸಿ ಹೆಗಲ ಮೇಲೆ ಹಾಕಿಕೊಂಡು ಬಂದು, ಮಿರ್ಚಿ ತಿಂದು, ಹೋಗುತ್ತಿದ್ದ.

"ಕಾಕಾ, ರಸ್ತಾ ರೋಕೋ ಮಾಡ್ರಿ. ಈಗಿಂದೀಗ. ಎರಡೂ ದಂಡಿಗೆ."

ದುಂಡಪ್ಪ ಬಾಯಲ್ಲಿದ್ದುದನ್ನು ನುಂಗಿದ. "ಬೇಡಿಕಿ ಏನ?"

"ಬೇಡಿಕಿ ಇಲ್ಲ. ಸುಭಾಸ ಫೋನ್ ಮಾಡಿದ್ದ. ಹಡಗ ಹಗ್ಗ ಹರಕೊಂಡೈತಿ. ಇನ್ನ ಹದಿನೇಳ ಮಿನೀಟಿಗೆ ಬ್ರಿಜ್ಜಿಗೆ ಬಡೀತೈತಿ."

"ಬೇಡಿಕಿ ಇಲ್ದ ರಸ್ತಾ ರೋಕೋ ಹೆಂಗ ಆಕ್ಕೈತಿ ಯವ್ವಾ? ನಾಳೆ ತಹಶೀಲ್ದಾರ ಬಂದು, ದುಂಡಪ್ಪನವರ ನಿಮ್ಮ ಬೇಡಿಕಿ ಏನ್ರಿ ಅಂದ್ರ ಏನ್ ಹೇಳ್ಲಿ? ಹಡಗ ಅನ್ನಲ್ಯಾ?"

ಬಾಣಲೆಯ ಹಿಂದಿನಿಂದ ತಂಗೆವ್ವ ಹೇಳಿದಳು. "ಹಡಗ ಅನ್ನು. ಹ್ವಾದ ವರ್ಷ ಕಬ್ಬಿಗೆ ರೇಟ್ ಅಂದಿ, ಬಂತ? ಹಡಗರ ಬರಾಕತ್ತೈತಿ."

"ನೀ ಸುಮ್ನಿರವಾ. ಅನ್ನಪೂರ್ಣಾ, ಆ ಮೊಸಳಿ ಸುಭಾಸನ ಮಾತ ಕೇಳಿ ಹೇಳಾಕತ್ತಿ. ಸುಳ್ಳಾದ್ರ?"

"ಸುಳ್ಳಾದ್ರ ನನ್ನ ಮ್ಯಾಲ ಕೇಸ್ ಬೀಳ್ತೈತಿ, ಬೂತ ಹೋಗ್ತೈತಿ. ಬೂತ ಬಿಟ್ರ ನನಗ ಇನ್ನೇನೂ ಇಲ್ಲಂತ ನಿಮಗ ಗೊತ್ತೈತಿ. ಖರೇ ಆದ್ರ ಬಸ್ ಹೋಗ್ತೈತಿ. ಮಂದಿ ಸಮೇತ."

"ನನಗೂ ಒಂದ ಹೆಸರ ಅಂತ ಐತೆವ್ವಾ."

"ಹೆಸರ ಹೋಗಿ ಎಂಟ ತಿಂಗಳಾತು, ಎದ್ದೇಳು," ಎಂದ ತಂಗೆವ್ವ ಒಲೆಯ ಬದಿಯಿಂದ ಚಿಮಣಿ ಎಣ್ಣೆಯ ಕ್ಯಾನು ತಂದು ಅವನ ಮುಂದೆ ಇಟ್ಟಳು. ಅಂಗಡಿಯ ಸೂರು ಹಾರದಂತೆ ಮೇಲಿಟ್ಟಿದ್ದ ಎರಡು ಹಳೆಯ ಟೈರುಗಳನ್ನು ಕೋಲಿನಿಂದ ಕೆಡವಿದಳು.

ಟೈರು ಕಂಡದ್ದೇ ತಡ, ದುಂಡಪ್ಪ ಎದ್ದ. ಮುಂದಿನ ನಾಲ್ಕು ನಿಮಿಷ ಅವನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ದಾರಿಯ ಬದಿಯ ಜಾಲಿಕಂಟಿಯ ಎರಡು ಗುಪ್ಪೆಗಳಲ್ಲಿ ಒಂದನ್ನು ರಸ್ತೆಗೆ ಅಡ್ಡ ಎಳೆದ. ಎರಡು ಟೈರಿನಲ್ಲಿ ಒಂದನ್ನು ಅದರ ಮುಂದಿಟ್ಟು ಬೆಂಕಿ ಹಚ್ಚಿದ. ಇನ್ನೊಂದು ಟೈರನ್ನು ಕೊರಳಿಗೆ ಹಾಕಿಕೊಂಡು, ಇನ್ನೊಂದು ಕಂಟಿಯನ್ನು ತನ್ನ ಲೂನಾದ ಹಿಂದೆ ಹಗ್ಗದಿಂದ ಕಟ್ಟಿದ. ಶಾಲನ್ನು ಬಿಚ್ಚಿ ತಲೆಗೆ ಸುತ್ತಿದ. "ಆಚಿ ದಂಡಿ ನನಗ ಬಿಡು. ಹೊಗಿ ಕಂಡ್ರ ಕೆಲಸ ಆಗೇತಿ ಅಂತ ತಿಳಿ," ಎಂದು ಹೇಳಿ ಸೇತುವೆಯ ಮೇಲೆ ಹೊರಟ. ಲೂನಾದ ಹಿಂದೆ ಜಾಲಿಕಂಟಿ ಧೂಳೆಬ್ಬಿಸುತ್ತ ಹೋಯಿತು. ಆಗ ಹತ್ತು ಮೂವತ್ತೆಂಟು.

ಹೂಲಿಯ ಕಡೆಯಿಂದ ರಾಮದುರ್ಗದ ಬಸ್ಸು ಬಂದದ್ದು ಹತ್ತು ನಲವತ್ತಕ್ಕೆ. ಚಾಲಕ ರಾಮಲಿಂಗಪ್ಪ ದೂರದಿಂದಲೇ ಹೊಗೆ ಕಂಡ, ಕಂಟಿ ಕಂಡ. ಒಂದು ಪ್ರಶ್ನೆಯನ್ನೂ ಕೇಳದೆ ಬಸ್ಸನ್ನು ಬದಿಗೆ ಹಚ್ಚಿ, ಎಂಜಿನ್ನು ಬಂದ್ ಮಾಡಿ, ಕೀಲಿ ಕಿಸೆಗೆ ಹಾಕಿಕೊಂಡು ಇಳಿದ. ರಸ್ತಾ ರೋಕೋ ಕಂಡರೆ ವಾದಕ್ಕಿಳಿಯಬಾರದು, ಗಾಜು ಉಳಿಸಿಕೊಳ್ಳಬೇಕು ಎಂಬುದು ಡಿಪೋದಲ್ಲಿ ಎಲ್ಲರಿಗೂ ತಿಳಿದ ಪಾಠ. ಕಂಡಕ್ಟರು ವೇಬಿಲ್ಲಿನಲ್ಲಿ ಸಮಯ ಬರೆದುಕೊಂಡ.

"ಎರಡ ಚಾ," ಎಂದು ರಾಮಲಿಂಗಪ್ಪ ತಂಗೆವ್ವನಿಗೆ ಹೇಳಿದ. "ಯಾವ ಬೇಡಿಕಿಗ್ರಿ ಇವತ್ತ?"

ಅನ್ನಪೂರ್ಣಾ ಬಾಯಿ ತೆರೆಯುವ ಮೊದಲೇ ಬಸ್ಸಿನಿಂದ ಇಳಿದವನೊಬ್ಬ ಹೇಳಿದ. "ತ್ರೀ ಫೇಸ್ ಕರೆಂಟಿಗೆ."

"ಅಲ್ಲೋ, ಬಸ್ ಸ್ಟ್ಯಾಂಡಿಗೆ ತಗಡ ಹಾಕ್ಸಾಕ."

"ನಮ್ಮೂರ ಸಾಲಿಗೆ ಮಾಸ್ತರ ಇಲ್ಲ. ಅದನ್ನೂ ಹಚ್ಚರಿ."

ಐದು ನಿಮಿಷದಲ್ಲಿ ನಲವತ್ತು ಜನ ರಸ್ತೆಯ ಮೇಲೆ ಕೂತಿದ್ದರು. ಬಸ್ಸಿನ ಹಿಂದೆ ಎರಡು ಟೆಂಪೋ, ಒಂದು ಟ್ರ್ಯಾಕ್ಟರು ನಿಂತವು. ಯಾರೋ "ಬೇಕೇ ಬೇಕು" ಎಂದರು. ಉಳಿದವರು "ನ್ಯಾಯ ಬೇಕು" ಎಂದರು. ಅನ್ನಪೂರ್ಣಾ ಸೈಕಲ್ಲಿನ ಮೇಲೆ ಕೂತು ಆಚೆ ದಡವನ್ನೇ ನೋಡುತ್ತಿದ್ದಳು. ಅಲ್ಲಿ ಒಂದು ಟ್ರಕ್ಕು ಸೇತುವೆಯ ಕಡೆಗೆ ತಿರುಗುತ್ತಿತ್ತು. ಅದು ಸೇತುವೆ ಏರುವ ಮೊದಲು ದುಂಡಪ್ಪ ಕಂಟಿ ಎಳೆದು ಬೆಂಕಿ ಹಚ್ಚಬೇಕು. ಟ್ರಕ್ಕಿನ ಮುಂಗಾಲಿ ಸೇತುವೆಗೆ ಹತ್ತಿತು, ನಿಂತಿತು, ಮತ್ತೆ ಹಿಂದಕ್ಕೆ ಸರಿಯಿತು. ಅದರ ಮುಂದೆ ಕಪ್ಪು ಹೊಗೆ ನೇರವಾಗಿ ಮೇಲೆದ್ದಿತು.

"ಹತ್ತು ನಲವತ್ತೇಳು," ಎಂದು ಆಕೆ ತನಗೆ ತಾನೇ ಹೇಳಿಕೊಂಡಳು. ಸೇತುವೆ ಖಾಲಿಯಾಗಿತ್ತು. ಅದರ ಮೇಲೆ ಒಂದು ನಾಯಿ ಮಾತ್ರ ಇತ್ತು. ಅದೂ ಸ್ವಲ್ಪ ಹೊತ್ತಿಗೆ ಈಚೆ ದಡಕ್ಕೆ ಬಂತು.

ಈಗ ಹಡಗು ಬಾರದಿದ್ದರೆ ಎಂಬ ಯೋಚನೆ ಆಗ ಬಂತು. ನಡುವೆ ಎಲ್ಲಾದರೂ ದಿಬ್ಬಕ್ಕೆ ಸಿಕ್ಕು ನಿಂತಿದ್ದರೆ? ಹತ್ತು ಐವತ್ತಾಯಿತು. ಐವತ್ತೊಂದಾಯಿತು. ತಿರುವಿನಲ್ಲಿ ಕೆಂಪು ನೀರು ಬಿಟ್ಟು ಬೇರೇನೂ ಕಾಣಲಿಲ್ಲ.

"ಬೇಕೇ ಬೇಕು!" ಎಂದು ಕೂಗುತ್ತಿದ್ದವನು ಒಮ್ಮೆಲೇ ಎದ್ದು ನಿಂತ. "ಏ, ಅದೇನಲೇ ಅದು?"

ಹಡಗು ತಿರುವು ದಾಟಿ ಬಂತು. ಮುಂದೆ ಮುಖ ಮಾಡಿ ಬರಲಿಲ್ಲ, ಅಡ್ಡಡ್ಡ ತಿರುಗುತ್ತ, ಒಮ್ಮೆ ಹೊಟ್ಟೆ ಒಮ್ಮೆ ಬೆನ್ನು ತೋರಿಸುತ್ತ ಬಂತು. ಉಸುಕಿನ ಗುಡ್ಡೆ ಹಾಗೆಯೇ ಇತ್ತು. ಎಂಜಿನ್ನಿನ ಮೇಲಿನ ತಗಡಿನ ಗೂಡಿಗೆ ಕಟ್ಟಿದ ಹಗ್ಗದಲ್ಲಿ ಸುಭಾಸನ ಎರಡು ಅಂಗಿ ಒಣಗುತ್ತಿದ್ದವು.

ರಸ್ತೆಯ ಮೇಲೆ ಕೂತವರೆಲ್ಲ ಬೇಡಿಕೆ ಮರೆತು ದಂಡೆಗೆ ಓಡಿದರು. "ಹಡಗ! ಹಡಗ ಬಂತಲೋ! ಖರೇನ ಹಡಗ!" ಬಸ್ಸಿನ ಮೇಲೆ ನಾಲ್ವರು ಹತ್ತಿದರು. ಒಬ್ಬ ಮುದುಕಿ ಕೈ ಮುಗಿದಳು. ರಾಮಲಿಂಗಪ್ಪ ಚಹಾದ ಬಟ್ಟಲು ಹಿಡಿದುಕೊಂಡೇ ನಿಂತ. ಹೊಳೆಯ ಸದ್ದಿನ ಮೇಲೂ ಕಬ್ಬಿಣ ನರಳುವ ಸದ್ದು ಕೇಳತೊಡಗಿತು.

ಹತ್ತು ಐವತ್ಮೂರಕ್ಕೆ ಹಡಗು ಬಡಿಯಿತು. ಈಚೆಯಿಂದ ಎಣಿಸಿದರೆ ನಾಲ್ಕನೆಯ ಕಂಬಕ್ಕೆ. ಅದರ ಪೆಟ್ಟು ಸದ್ದಿಗಿಂತ ಮೊದಲು ಕಾಲಿಗೆ ಗೊತ್ತಾಯಿತು ಎಂದು ಆಮೇಲೆ ಎಲ್ಲರೂ ಹೇಳಿದರು. ಕಮಾನಿನ ಸಂದುಗಳಿಂದ ಅರವತ್ತು ವರ್ಷದ ಧೂಳು ಉದುರಿತು. ಪಾರಿವಾಳಗಳು ಎದ್ದವು. ಹಡಗು ಒಮ್ಮೆ ಹಿಂದಕ್ಕೆ ಪುಟಿದು, ಮತ್ತೆ ತಿರುಗಿ, ಮೂರನೆಯ ಮತ್ತು ನಾಲ್ಕನೆಯ ಕಂಬಗಳಿಗೆ ಅಡ್ಡಲಾಗಿ ಬಂದು ಬಾಗಿಲಿಗೆ ಹಾಕಿದ ಅಗಳಿಯಂತೆ ಕೂತುಬಿಟ್ಟಿತು.

ಸೇತುವೆ ನಿಂತಿತ್ತು.

ಜನ ಚಪ್ಪಾಳೆ ತಟ್ಟಿದರು. "ಗಚ್ಚಿನ ಕೆಲಸ ನೋಡಪಾ! ಇಡೀ ಹಡಗ ನಿಂದ್ರಿಸಿಬಿಡ್ತು!" ಎಂದು ಒಬ್ಬ ಕಮಾನಿಗೆ ತಾನೇ ಕಲ್ಲಿಟ್ಟವನಂತೆ ಹೇಳಿದ.

ರಾಮಲಿಂಗಪ್ಪ ಬಟ್ಟಲು ಕೆಳಗಿಟ್ಟು ಕೀಲಿ ತೆಗೆದ. "ಆತಲ್ರಿ. ಹಡಗ ಬಂತು, ಬಡೀತು, ಬ್ರಿಜ್ ನಿಂತೈತಿ. ಕಂಟಿ ತಗೀರಪಾ, ಹೋಗೂಣು. ಹನ್ನೊಂದೂವರಿಗೆ ಅಲ್ಲಿ ಹಾಜರಿ ಐತಿ ನಂದು."

"ತಗೀಬ್ಯಾಡ್ರಿ," ಎಂದಳು ಅನ್ನಪೂರ್ಣಾ.

"ಯಾಕ್ರಿ ಅಕ್ಕಾರ? ನಿಮ್ಮ ಹಡಗ ಬಂತಲ್ಲ. ಬೇಡಿಕಿ ಈಡೇರ್ತು."

ಜನ ನಕ್ಕರು. ಈವರೆಗೆ ಕೂತವರೇ ಎದ್ದು ಕಂಟಿಯನ್ನು ಬದಿಗೆ ಎಳೆಯತೊಡಗಿದರು. ಟೈರು ಉರಿದು ತಂತಿಯ ಬಳೆಯಾಗಿತ್ತು. ಒಬ್ಬ ಅದನ್ನು ಕಾಲಿನಿಂದ ಒದ್ದ.

ಅನ್ನಪೂರ್ಣಾಳ ಕಣ್ಣು ಎರಡನೆಯ ಕಂಬದ ಮೇಲಿತ್ತು. ನೀರಿನ ಮಟ್ಟ ತಿಳಿಯಲು ಅದರ ಮೈಮೇಲೆ ಅಡಿ ಅಡಿಗೆ ಕಪ್ಪು-ಬಿಳುಪು ಪಟ್ಟೆ ಬಳಿದು ಅಂಕಿ ಬರೆದಿದ್ದರು. ಬೂತಿನ ಕಿಟಕಿಯಿಂದ ಏಳು ವರ್ಷ ದಿನಾ ನೋಡಿದ ಪಟ್ಟೆಗಳು. ಬೆಳಿಗ್ಗೆ ಹನ್ನೊಂದರ ಅಂಕಿ ಕಾಣುತ್ತಿತ್ತು. ಈಗ ಹನ್ನೊಂದು ಮುಳುಗಿ ಹನ್ನೆರಡೂ ಅರ್ಧ ಹೋಗಿತ್ತು. ಸೇತುವೆಯ ಕೆಳಮಗ್ಗುಲಲ್ಲಿ ನೀರು ಹಿಂದಿಗಿಂತ ತಗ್ಗಿನಲ್ಲಿತ್ತು. ಹಡಗು ನಡುವಿನ ಕಮಾನನ್ನು ಮುಚ್ಚಿತ್ತು. ಅಲ್ಲಿ ಹೋಗಬೇಕಾದ ನೀರು ಕಂಬಗಳ ಬೆನ್ನಿಗೆ ಏರುತ್ತಿತ್ತು.

"ಪಟ್ಟಿ ನೋಡ್ರಿ. ನೀರ ಕಟ್ಟಾಕತ್ತೈತಿ. ಪೆಟ್ಟಿಗಲ್ಲ, ಭಾರಕ್ಕ ಬೀಳ್ತೈತಿ ಅದು."

"ನೀವು ಎಂಜಿನಿಯರ್ ಏನ್ರಿ?" ಎಂದ ಟೆಂಪೋದವನು.

ರಾಮಲಿಂಗಪ್ಪ ಬಸ್ಸು ಹತ್ತಿದ. ಐವತ್ತೆರಡು ಜನ ಪ್ರಯಾಣಿಕರು ಒಬ್ಬರ ಹಿಂದೆ ಒಬ್ಬರು ಹತ್ತಿದರು. ಎಂಜಿನ್ನು ಶುರುವಾಯಿತು.

ಅನ್ನಪೂರ್ಣಾ ಸೈಕಲ್ಲನ್ನು ಜೋರಾಗಿ ತಿರುಗಿಸಿ ಸೇತುವೆಯ ಬಾಯಿಗೆ ಹೋದಳು. ಎರಡು ಕಟ್ಟೆಗಳ ನಡುವೆ, ನಟ್ಟನಡುವೆ, ಅಡ್ಡಲಾಗಿ ನಿಲ್ಲಿಸಿದಳು. ಹಿಂದಿನ ಗಾಲಿಗೆ ಸುತ್ತಿದ್ದ ಸರಪಳಿಯನ್ನು ಬಿಚ್ಚಿ, ಗಾಲಿಯ ಕಡ್ಡಿಗಳಿಂದ ಹಾಯಿಸಿ, ಕಟ್ಟೆಯ ಕಬ್ಬಿಣದ ಸಲಾಕೆಗೆ ಸುತ್ತಿ ಬೀಗ ಹಾಕಿದಳು. ಕೀಲಿಯನ್ನು ಕೈಯಲ್ಲಿ ಹಿಡಿದು ಒಂದು ಕ್ಷಣ ನೋಡಿದಳು. ಆಮೇಲೆ ಅದನ್ನು ಹೊಳೆಗೆ ಎಸೆದಳು.

ಬಸ್ಸು ಆಕೆಯಿಂದ ನಾಲ್ಕು ಅಡಿ ದೂರದಲ್ಲಿ ನಿಂತಿತು. ರಾಮಲಿಂಗಪ್ಪ ಹಾರ್ನಿನ ಮೇಲೆ ಕೈಯಿಟ್ಟು ತೆಗೆಯಲಿಲ್ಲ.

"ಸರೀರಿ ಅಕ್ಕಾರ! ಹೆಣ್ಮಕ್ಕಳಂತ ಸುಮ್ನದೇನಿ!"

"ಗಂಡಮಗ ಅಂತ ತಿಳಕೊಂಡ ಹಾಯ್ಸರಿ!"

"ನಿಮಗ ಏನ ಬೇಕ್ರಿ?"

"ಅರ್ಧಾ ತಾಸ!"

ಇಳಿದು ಬಂದ ನಾಲ್ವರು ಸೈಕಲ್ಲನ್ನು ಆಕೆಯ ಸಮೇತ ಎತ್ತಲು ನೋಡಿದರು. ಸರಪಳಿ ಬಿಗಿಯಿತು. ಗಾಲಿ ಅರ್ಧ ಅಡಿ ಎದ್ದು ಮತ್ತೆ ಕೂತಿತು. ಸರಪಳಿ ಕಡಿಯಲು ಏನಾದರೂ ಇದೆಯೇ ಎಂದು ಟೆಂಪೋದವನು ಟೂಲ್ಸಿನ ಚೀಲ ಹುಡುಕಲು ಹೋದ. ತಂಗೆವ್ವ ಎಣ್ಣೆಯಿಂದ ಮಿರ್ಚಿ ಎತ್ತುವ ಜಾರಿ ಹಿಡಿದುಕೊಂಡು ಬಂದು ಸೈಕಲ್ಲಿನ ಬದಿಗೆ ನಿಂತಳು. "ಮುಟ್ಟರಿ ನೋಡೂಣು. ಎಣ್ಣಿ ಇನ್ನಾ ಬಿಸಿ ಐತಿ," ಎಂದಳು.

ಆ ಹೊತ್ತಿಗೆ ಪೊಲೀಸರು ಬಂದರು. ಹಡಗಿನ ಸುದ್ದಿಗೆ ಬಾರದವರು ರಸ್ತಾ ರೋಕೋ ಸುದ್ದಿಗೆ ಹದಿನಾರು ನಿಮಿಷದಲ್ಲಿ ಬಂದಿದ್ದರು. ಮೋಟಾರ್ ಸೈಕಲ್ಲಿನಿಂದ ಇಳಿದ ಜಮಾದಾರ ಬಸ್ಸು ನೋಡಿದ, ಕಂಟಿ ನೋಡಿದ. ಹಡಗನ್ನು ನೋಡಲಿಲ್ಲ, ಅದು ರಸ್ತೆಯ ಮೇಲೆ ಇರಲಿಲ್ಲ.

"ಯಾರ ಮುಂದಾಳು?"

ನಲವತ್ತು ಕೈಗಳು ಅನ್ನಪೂರ್ಣಾಳ ಕಡೆಗೆ ಎದ್ದವು. ರಾಮಲಿಂಗಪ್ಪನದು ಮೊದಲನೆಯದು.

ಜಮಾದಾರ ಕಿಸೆಯ ಪುಸ್ತಕ ತೆಗೆದ. "ಹೆಸರು?"

"ಅನ್ನಪೂರ್ಣಾ ಶಂಕರೆಪ್ಪ ಕಟಗಿ."

"ಬೇಡಿಕಿ?"

"ಯಾರೂ ಬ್ರಿಜ್ ಮ್ಯಾಲ ಹೋಗಬಾರದು."

"ಇದ್ಯಾವ ಬೇಡಿಕಿ? ರಸ್ತೇಕ ಬೇಡಿಕಿ ಮಾಡ್ತಾರ, ರಸ್ತೆ ಬ್ಯಾಡಂತ ಯಾರ ಮಾಡ್ತಾರ?" ಎಂದು ಆತ ಬರೆಯತೊಡಗಿದ. ಬರೆಯುತ್ತ ಓದಿದ. "ಸಾರ್ವಜನಿಕ ರಸ್ತೆಗೆ... ಅಡ್ಡಿಪಡಿಸಿ... ಸರಕಾರಿ ಬಸ್ಸಿನ ಸಂಚಾರಕ್ಕೆ..."

ಅನ್ನಪೂರ್ಣಾ ಅವನನ್ನು ಕೇಳುತ್ತಿರಲಿಲ್ಲ. ಪಟ್ಟೆಯ ಮೇಲೆ ಹದಿಮೂರು ಹೋಗಿತ್ತು. ಹದಿನಾಲ್ಕರ ಕಾಲು ಮುಳುಗುತ್ತಿತ್ತು. ಸೈಕಲ್ಲಿನ ಸೀಟಿನ ಕೆಳಗಿನಿಂದ ಒಂದು ನಡುಕ ಏರಿ ಬರುತ್ತಿರುವುದು ಆಕೆಗೆ ತಿಳಿಯಿತು. ಮೊದಲು ಅದು ಬಸ್ಸಿನ ಎಂಜಿನ್ನಿನದು ಎಂದುಕೊಂಡಳು. ಆದರೆ ಬಸ್ಸಿನ ಎಂಜಿನ್ನು ಬಂದ್ ಆಗಿತ್ತು.

"ರಾಮಲಿಂಗಪ್ಪನವರ," ಎಂದಳು ಮೆಲ್ಲಗೆ. "ಬಸ್ ಹಿಂದಕ್ಕ ತಗೋರಿ."

ಆಕೆಯ ದನಿಯಲ್ಲಿ ಏನು ಕೇಳಿತೋ, ರಾಮಲಿಂಗಪ್ಪ ಬಸ್ಸಿನ ಕಡೆಗೆ ಓಡಿದ. ಹತ್ತಿ ಕೂತು ರಿವರ್ಸ್ ಹಾಕಿದ.

ಹನ್ನೊಂದು ಗಂಟೆ ನಾಲ್ಕು ನಿಮಿಷಕ್ಕೆ ನಾಲ್ಕನೆಯ ಕಂಬ ಕೂತಿತು. ಬೀಳಲಿಲ್ಲ, ದಣಿದ ಹಮಾಲ ಚೀಲದ ಸಮೇತ ಕೂರುವಂತೆ ಕೂತಿತು. ಅದರ ಮೇಲಿನ ರಸ್ತೆ ಒಂದು ಕ್ಷಣ ಗಾಳಿಯಲ್ಲಿ ನಿಂತಿತ್ತು. ಆಮೇಲೆ ನಡುವಿನಲ್ಲಿ ಸೀಳಿ, ಎರಡು ಕಮಾನುಗಳು ಒಂದರ ಹಿಂದೆ ಒಂದು ನೀರಿಗೆ ಹೋದವು. ಎದ್ದ ನೀರು ಈಚೆ ದಡದ ಬಸ್ಸಿನ ಗಾಜಿಗೆ ಬಡಿಯಿತು. ಸೇತುವೆಯ ಮೈಗೆ ಕಟ್ಟಿದ್ದ ಟೆಲಿಫೋನ್ ತಂತಿ ಚಾಟಿಯಂತೆ ಸಿಡಿದು ಬೂತಿನ ಮೇಲಿಂದ ಹಾರಿತು. ದಾರಿ ಬಿಟ್ಟುಕೊಟ್ಟ ಕಮಾನಿನಿಂದ ಹಡಗು ತಲೆ ಬಾಗಿಸಿ, ಅರ್ಧ ಮುಳುಗಿ, ಉಸುಕು ಸುರಿಸುತ್ತ ಮುಂದೆ ಹೋಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಬಸ್ಸಿನೊಳಗಿಂದ ಯಾರೋ ಸಣ್ಣಗೆ ಅಳುವುದು ಕೇಳಿತು. ಜಮಾದಾರನ ಪೆನ್ನು "ಸಂಚಾರಕ್ಕೆ" ಎಂಬಲ್ಲಿ ನಿಂತಿತ್ತು. ತಂಗೆವ್ವ ಜಾರಿಯನ್ನು ರಸ್ತೆಯ ಮೇಲಿಟ್ಟು ಅದರ ಪಕ್ಕದಲ್ಲೇ ಕೂತುಬಿಟ್ಟಳು. ಅನ್ನಪೂರ್ಣಾ ಎರಡೂ ಕೈಗಳಿಂದ ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡಿದ್ದಳು. ಬಿಡಿಸಲು ನೋಡಿದಳು, ಬೆರಳು ಬರಲಿಲ್ಲ. ಆಚೆ ದಡದಲ್ಲಿ ಹಸಿರು ಶಾಲೊಂದು ಮೇಲೆ ಕೆಳಗೆ ಆಡುತ್ತಿತ್ತು. ದುಂಡಪ್ಪ ಏನೋ ಕೂಗುತ್ತಿದ್ದ, ಹೊಳೆಯ ಸದ್ದಿನಲ್ಲಿ ಕೇಳಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ರಾಮಲಿಂಗಪ್ಪ ಇಳಿದು ಬಂದ. ಸರಪಳಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಬಸ್ಸಿನ ಜಾಕಿನ ಕಂಬಿಯಿಂದ ಬೀಗ ಮುರಿಯಲು ನೋಡಿದ. ಮೂರನೆಯ ಪೆಟ್ಟಿಗೆ ಮುರಿಯಿತು.

"ಬರ್ರಿ ಅಕ್ಕಾರ," ಎಂದ. "ಚಾ ಕುಡೀರಿ."

ಆ ದಿನ ಸೇತುವೆಯ ಮೇಲೆ ಯಾರೂ ಸಾಯಲಿಲ್ಲ. ದುಂಡಪ್ಪ ಈಚೆ ದಡಕ್ಕೆ ಬರಲಾಗದೆ ಸುರೇಬಾನದಲ್ಲಿದ್ದ ಮಗಳ ಮನೆಗೆ ಹೋಗಿ ಅಲ್ಲೇ ಉಳಿದ. ಗುತ್ತಿಗೆದಾರ ಸಿಗಲಿಲ್ಲ. ಹಡಗು ಹನ್ನೊಂದು ಕಿಲೋಮೀಟರು ಕೆಳಗೆ, ಜೋಳದ ಹೊಲವೊಂದರ ಬದುವಿನಲ್ಲಿ ಸಿಕ್ಕಿತು. ಸೇತುವೆ ಬಿದ್ದದ್ದು ಒಂದು ಇಲಾಖೆಯ ಕಡತಕ್ಕೆ ಹೋಯಿತು. ರಸ್ತಾ ರೋಕೋ ಇನ್ನೊಂದು ಇಲಾಖೆಯ ಕಡತಕ್ಕೆ ಹೋಯಿತು. ಪುಸ್ತಕದ ಪುಟಗಳಿಗೆ ನಂಬರು ಇದ್ದುದರಿಂದ ಜಮಾದಾರ ಬರೆದದ್ದನ್ನು ಹರಿದು ಹಾಕುವಂತಿರಲಿಲ್ಲ. ಅನ್ನಪೂರ್ಣಾ, ದುಂಡಪ್ಪ ಮತ್ತು ಇತರ ನಲವತ್ತು ಜನರ ಮೇಲೆ ದೂರು ದಾಖಲಾಯಿತು. ಅದು ಇತ್ಯರ್ಥವಾಗುವವರೆಗೆ ಬೂತಿನ ಪರವಾನಗಿ ತಡೆಹಿಡಿಯಲಾಗಿದೆ ಎಂಬ ಕಾಗದ ಅಕ್ಟೋಬರಿನಲ್ಲಿ ಬಂತು. ಹೇಗೂ ತಂತಿ ಇನ್ನೂ ಜೋಡಣೆಯಾಗಿರಲಿಲ್ಲ.

ಮೊದಲ ತಾರೀಖು 1998ರ ನವೆಂಬರ್ ಹದಿನೇಳು, ಮಂಗಳವಾರ, ಹನ್ನೊಂದು ಗಂಟೆಗೆ, ಹೊಳೆಯಾಚೆಯ ತಾಲೂಕು ಕೋರ್ಟಿನಲ್ಲಿ. ಅನ್ನಪೂರ್ಣಾ ಬೆಳಿಗ್ಗೆ ಎಂಟೂವರೆಗೆ ರಾಮಲಿಂಗಪ್ಪನ ಬಸ್ಸು ಹತ್ತಿದಳು. ಸೈಕಲ್ಲನ್ನು ಅವನೇ ಮೇಲೆ ಕಟ್ಟಿದ. ಸೇತುವೆ ಇಲ್ಲದ್ದರಿಂದ ಬಸ್ಸು ಐವತ್ತೆಂಟು ಕಿಲೋಮೀಟರು ಸುತ್ತು ಹಾಕಿ, ನಡುವೆ ಒಂದು ಗಾಲಿ ಬದಲಿಸಿ, ಹನ್ನೊಂದೂವರೆಗೆ ಮುಟ್ಟಿತು. ಅಷ್ಟರಲ್ಲಿ ಕೋರ್ಟಿನ ಪಟ್ಟೇವಾಲಾ ಆಕೆಯ ಹೆಸರನ್ನು ಮೂರು ಸಲ ಕೂಗಿ ಮುಗಿಸಿದ್ದ.